ಆ ಅರ್ಜಿ ಯಾರ ಕೈಗೆ ಹೋಯಿತು?

2018ರ ಅಕ್ಟೋಬರಿನಲ್ಲಿ ನಟಿ ಶ್ರುತಿ ಹರಿಹರನ್, ‘ವಿಸ್ಮಯ’ದ ಚಿತ್ರೀಕರಣದಲ್ಲಿ ಅರ್ಜುನ್ ಸರ್ಜಾ ಅನುಚಿತವಾಗಿ ನಡೆದುಕೊಂಡರೆಂದು ಬಹಿರಂಗವಾಗಿ ದೂರಿದರು. ಅರ್ಜುನ್ ಅಲ್ಲಗಳೆದರು. ಫಿಲ್ಮ್ ಚೇಂಬರಿನಲ್ಲಿ ಹಿರಿಯ ನಟ ಅಂಬರೀಶ್ ಮುಂದೆ ನಡೆದ ರಾಜಿ ಮಾತುಕತೆ ಮುರಿದುಬಿತ್ತು. ಅರ್ಜುನ್ ಕಡೆಯಿಂದ ಐದು ಕೋಟಿಯ ಮಾನನಷ್ಟ ದಾವೆ, ಶ್ರುತಿಯವರ ದೂರಿನ ಮೇಲೆ ಕಬ್ಬನ್ ಪಾರ್ಕ್ ಠಾಣೆಯಲ್ಲಿ ಎಫ್‌ಐಆರ್ ಆದವು. 2021ರಲ್ಲಿ ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು. ಯಾರ ಮಾತು ನಿಜ ಎಂಬ ತೀರ್ಪು ಹೇಳುವ ಜಾಗ ಇದಲ್ಲ. ಜನರ ಬಾಯಲ್ಲಿ ಉಳಿದದ್ದು ರಾಜಿ, ಕೋಟಿ, ಠಾಣೆ ಮಾತ್ರ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುವ ದೂರು ಸಮಿತಿಯನ್ನು ನೆನೆದವರು ಇಲ್ಲವೆಂಬಷ್ಟು ಕಡಿಮೆ.

ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆವಾಸವಿದೆ. ಆದರೆ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಹೇಳಿಕೊಂಡ ದೂರು ಮಾನಹಾನಿಯಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ಬಸವನ ಬಾಗೇವಾಡಿಯ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ ಎನ್ನಿ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅವರಲ್ಲೊಬ್ಬಳಿಗೆ ಕಿರುಕುಳವಾದರೆ ಅರ್ಜಿಯನ್ನು ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಡಬೇಕು. ಅವರು ಏಳು ದಿನದೊಳಗೆ ವಿಜಯಪುರದ ಸ್ಥಳೀಯ ಸಮಿತಿಗೆ ಕಳಿಸಬೇಕು. ಸಮಿತಿಗೆ ಆರು ಪ್ರತಿ ಬೇಕು, ಸಾಕ್ಷಿಗಳ ಹೆಸರು, ವಿಳಾಸವೂ ಬೇಕು. ಅಲ್ಲಿಗೆ ಸಲ್ಲಿಸಿದ ಹಾಳೆಗೆ ಕಾನೂನಿನ ರಕ್ಷಣೆಯಿದೆ. ಅದೇ ಹಾಳೆಯ ಫೋಟೊ ವಾಟ್ಸಾಪ್ ಗ್ರೂಪಿಗೆ ಬಿತ್ತೆಂದರೆ ಆ ವಿನಾಯಿತಿ ನೆಚ್ಚಿಕೊಳ್ಳುವಂತಿಲ್ಲ, ಗೋಪ್ಯತೆ ಮುರಿದ ತಪ್ಪೂ ಮೈಮೇಲೆ ಬರುತ್ತದೆ.

ಹಾಗಾದರೆ ಬಹಿರಂಗವಾಗಿ ಬಾಯಿಬಿಡಲೇಬಾರದೇ? ಪತ್ರಕರ್ತೆ ಪ್ರಿಯಾ ರಮಣಿ, ಎಂ.ಜೆ. ಅಕ್ಬರ್ ಕೇಂದ್ರ ಸಚಿವರಾಗಿದ್ದಾಗ ಅವರ ಮೇಲೆ ಹೊರಿಸಿದ ಆರೋಪ 1993ರ ಘಟನೆಯದು. ಕೆಲಸದ ಜಾಗದ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ. ತಟ್ಟಲು ಬಾಗಿಲೇ ಇಲ್ಲದ ಕಾಲ ಅದು. ದಶಕಗಳ ನಂತರವೂ ಹೆಣ್ಣು ತನಗೆ ಬೇಕಾದ ವೇದಿಕೆಯಲ್ಲಿ ಹೇಳಿಕೊಳ್ಳಬಹುದೆಂದ ದೆಹಲಿಯ ನ್ಯಾಯಾಲಯ ಅಕ್ಬರ್ ಹೂಡಿದ ಮಾನಹಾನಿ ಮೊಕದ್ದಮೆಯಿಂದ 2021ರ ಫೆಬ್ರುವರಿ 17ರಂದು ರಮಣಿಯವರನ್ನು ಖುಲಾಸೆ ಮಾಡಿತು. ಅಕ್ಬರ್ ಮೇಲ್ಮನವಿಯನ್ನು ಹೈಕೋರ್ಟ್ 2022ರಲ್ಲಿ ವಿಚಾರಣೆಗೆ ಅಂಗೀಕರಿಸಿತು. ಗೆಲುವೇನೋ ಸರಿ, ಆದರೆ ಬೆಂಗಳೂರಿನಲ್ಲಿದ್ದವರು ಎರಡು ವರ್ಷಕ್ಕೂ ಮಿಕ್ಕಿ ದೆಹಲಿಯ ಮೊಕದ್ದಮೆ ಎದುರಿಸಬೇಕಾಯಿತು. ಅಂಗಡಿಯ ಹುಡುಗಿಗೆ ಅಷ್ಟು ದಿನಗೂಲಿ ಬಿಡಲಾದೀತೇ?

ಸುಳ್ಳು ದೂರಿನಿಂದ ಮರ್ಯಾದಸ್ಥರ ಹೆಸರು ಕೆಡುತ್ತದೆಂಬ ಅಳುಕು ಪೊಳ್ಳಲ್ಲ. ಹೆಸರಿದ್ದವರಿಗೆ ಅದೇ ಬಂಡವಾಳ. ದುರುದ್ದೇಶದ ಸುಳ್ಳಿಗೆ 2013ರ ಕಾಯ್ದೆಯ 14ನೇ ಕಲಮಿನಲ್ಲಿ ಕ್ರಮವಿದೆ, ವಿಚಾರಣೆಯ ಗೋಪ್ಯತೆ ಆರೋಪಿತರನ್ನೂ ಕಾಯುತ್ತದೆ. ಆದರೆ ರುಜುವಾತಾಗದ್ದೆಲ್ಲ ಸುಳ್ಳಲ್ಲ ಎಂದು ಅದೇ ಕಲಮು ಬಿಡಿಸಿ ಹೇಳಿದೆ. ಬಿ ರಿಪೋರ್ಟ್ ಓದುವಾಗ ಎರಡೂ ಕಡೆಯವರು ಮರೆಯುವುದು ಇದನ್ನೇ. ಸಾಕ್ಷ್ಯ ಸಾಲದು ಎಂದ ಮಾತ್ರಕ್ಕೆ ದೂರು ಕೊಟ್ಟವರು ಸುಳ್ಳರಾಗುವುದಿಲ್ಲ, ದೂರು ಬಂದ ಮಾತ್ರಕ್ಕೆ ಎದುರಿನವರು ತಪ್ಪಿತಸ್ಥರೂ ಆಗುವುದಿಲ್ಲ.