ಟೈ ಕತ್ತರಿಸಿದ ಮೇಲೆ ಹತ್ತಿದ ದೀಪ

ಹೊರಗೆ 45 ಡಿಗ್ರಿ ಬಿಸಿಲಿದ್ದರೂ ಡೇಟಾ ಸೆಂಟರಿನೊಳಗೆ ನಮಗೆ ಜಾಕೆಟ್ ಬೇಕು. ಅಂಥ ಒಂದು ರಾತ್ರಿ ಪಾಳಿಯಲ್ಲಿ ಕ್ಯಾಬಿನೆಟ್ ಚಂದ ಕಾಣಲೆಂದು ಫೈಬರ್ ಪ್ಯಾಚ್ ಕಾರ್ಡ್‌ಗಳನ್ನೆಲ್ಲ ಮೂಲೆಯಲ್ಲಿ ಮಡಚಿ, ಪ್ಲಾಸ್ಟಿಕ್ ಟೈ ಹಾಕಿ ಬಿಗಿದೆವು. ಬೆಳಿಗ್ಗೆ ಎರಡು ಲಿಂಕ್ ಬರಲಿಲ್ಲ. ಬೈಗುಳ ತಿಂದು, ಗಂಟೆಗಟ್ಟಲೆ ಹುಡುಕಿ, ಕೊನೆಗೆ ಟೈ ಕತ್ತರಿಸಿದ ಕೂಡಲೇ ದೀಪ ಹತ್ತಿತು.

ಹಳದಿ ಸಿಂಗಲ್ ಮೋಡ್ ಕೇಬಲಿನಲ್ಲಿ ಬೆಳಕು ಓಡುವ ಗಾಜಿನ ತಿರುಳು ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಹಿಂಡಿದರೆ, ಮಡಚಿದರೆ ಬೆಳಕು ಸೋರುತ್ತದೆ. ತಿರುವಿನ ತ್ರಿಜ್ಯ ಕೇಬಲ್ ದಪ್ಪದ 10 ಪಟ್ಟಾದರೂ ಇರಲಿ, 3 ಮಿ.ಮೀ. ಕಾರ್ಡಿಗೆ 30 ಮಿ.ಮೀ.

ಈಗ ನಾವು ವೆಲ್ಕ್ರೋ ಪಟ್ಟಿಯನ್ನೇ ಕಟ್ಟುತ್ತೇವೆ, ಅದೂ ಸಡಿಲವಾಗಿ. ಕೈ ಹಾಕುವ ಮುಂಚೆ ಕಾಗದದ ಮೇಲೆ ಕ್ಯಾಬಿನೆಟ್ ಬರೆದುಕೊಳ್ಳುತ್ತೇವೆ: ಫೈಬರ್ ಒಂದು ಬದಿ, ಪವರ್ ಇನ್ನೊಂದು ಬದಿ, ಎಷ್ಟನೇ ಯು ಇಂದ ಎಷ್ಟನೇ ಯುಗೆ, ಎಷ್ಟು ಮೀಟರ್. ಉದ್ದ ಹೆಚ್ಚಾದರೆ ಸರ್ವರ್ ಹಿಂದೆ ಗಂಟಾಗಿ ಬಿಸಿಗಾಳಿಗೆ ಅಡ್ಡ ನಿಲ್ಲುತ್ತದೆ.

ಲೇಬಲ್ ಮಾತ್ರ ಎರಡೂ ತುದಿಗೆ ಬೇಕೇ ಬೇಕು. ಸೂಪರ್‌ವೈಸರ್ ಎಷ್ಟೇ ಅವಸರ ಮಾಡಲಿ, ನಾವು ಬಿಡುವುದಿಲ್ಲ. ನಮ್ಮ ರೂಮಿನ ಹುಡುಗನೊಬ್ಬ ಬಂದ ಹೊಸತರಲ್ಲಿ ಲೇಬಲ್ ಇಲ್ಲದ ಕಾರ್ಡೊಂದನ್ನು ಹಳೆಯದೆಂದು ಕಿತ್ತ. ಅದು ನಡೆಯುತ್ತಿದ್ದ ಲಿಂಕ್. ಎರಡು ದಿನದ ಸಂಬಳ ಹೋಯಿತು. ಆ ತಿಂಗಳು ಮನೆಗೆ ಕಡಿಮೆ ದುಡ್ಡು ಕಳಿಸಿದ. ಲೇಬಲ್ ಹಚ್ಚದೆ ಹೋದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.