ಟಿವಿಯೊಳಗಿನ ಹೊಗೆ, ಅಜ್ಜಿಯ ಕಾಠ್ಮಂಡು

ಪಶುಪತಿನಾಥನ ದರ್ಶನ ನಮ್ಮ ಅಜ್ಜಿಯ ಬಹುಕಾಲದ ಆಸೆ. ಅಲ್ಲಿನ ಮುಖ್ಯ ಅರ್ಚಕರು ಕರ್ನಾಟಕ ಮೂಲದವರು ಎಂದು ಗೊತ್ತಾದ ಮೇಲಂತೂ, ‘ನಮ್ಮೋರೇ ಪೂಜೆ ಮಾಡೋ ದೇವರನ್ನ ನಾನು ನೋಡಬೇಡ್ವಾ?’ ಎನ್ನುತ್ತಿದ್ದರು. ಕಡೆಗೂ ಅಪ್ಪ 2025ರ ನವೆಂಬರ್‌ಗೆ ಟಿಕೆಟ್ ಮಾಡಿಸಿದರು. ಹೊರಡುವವರು ಅಜ್ಜಿ, ಅಮ್ಮ, ನಾನು.

ಅಷ್ಟರಲ್ಲಿ ಸೆಪ್ಟೆಂಬರ್ 8 ಬಂತು. ಸಾಮಾಜಿಕ ಜಾಲತಾಣಗಳ ನಿಷೇಧ ಹಾಗೂ ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದ ನೇಪಾಳದ ನಮ್ಮ ವಯಸ್ಸಿನವರ ಮೇಲೆ ಗುಂಡು ಹಾರಿತು. ಅದೊಂದೇ ದಿನ 19 ಮಂದಿ ಸತ್ತರು. ಮರುದಿನ ಸಂಸತ್ ಭವನ, ಸಿಂಹ ದರ್ಬಾರ್ ಹೊತ್ತಿ ಉರಿದವು. ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಎರಡು ವಾರ ಕಳೆದರೂ ನಮ್ಮ ಮನೆಯ ಟಿವಿಯಲ್ಲಿ ಅದೇ ಬೆಂಕಿ, ಅದೇ ಸೈರನ್. ‘ಟಿಕೆಟ್ ಕ್ಯಾನ್ಸಲ್ ಮಾಡಿಬಿಡೋಣ’ ಎಂದರು ಅಪ್ಪ.

ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಪ್ರವಾಸಿಗರು ತಂಗುವ ದೊಡ್ಡ ಹೋಟೆಲಿಗೂ ಬೆಂಕಿ ಬಿದ್ದಿತ್ತು. ಪರಿಸ್ಥಿತಿ ತಿಳಿಯಾಗುವವರೆಗೆ ನೇಪಾಳಕ್ಕೆ ಹೋಗಬೇಡಿ ಎಂದು ನಮ್ಮ ಸರ್ಕಾರವೇ ಹೇಳಿತ್ತು. ಆದರೆ ಬಂದ ಸುದ್ದಿಯೆಲ್ಲ ನಿಜವೂ ಆಗಿರಲಿಲ್ಲ. ಮಾಜಿ ಪ್ರಧಾನಿಯೊಬ್ಬರ ಪತ್ನಿ ಬೆಂಕಿಗೆ ಬಲಿಯಾದರೆಂದು ಎಲ್ಲೆಡೆ ಬಿತ್ತರವಾಯಿತು. ಅವರು ತೀವ್ರ ಸುಟ್ಟಗಾಯಗಳೊಂದಿಗೆ ಆಸ್ಪತ್ರೆಯಲ್ಲಿ ಬದುಕಿದ್ದರು!

ನಾನು ಲ್ಯಾಬ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಎಳೆದೆ: ಯಾವಾಗ? ಎಲ್ಲಿ? ಇವೆರಡೂ ಇಲ್ಲದ ವಿಡಿಯೊಗಳನ್ನು ಬಿಟ್ಟೆ. ಉಳಿದದ್ದು ಇಷ್ಟು: ಸೆಪ್ಟೆಂಬರ್ 10ರ ಸಂಜೆ ಕಾಠ್ಮಂಡು ವಿಮಾನ ನಿಲ್ದಾಣ ಮತ್ತೆ ತೆರೆಯಿತು. 12ರಂದು ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಚುನಾವಣೆಗೆ ಮಾರ್ಚ್ 5ರ ದಿನ ಗೊತ್ತಾಯಿತು.

ಅಕ್ಟೋಬರ್‌ನಲ್ಲಿ ನಾವು ತಂಗಬೇಕಿದ್ದ ಲಾಡ್ಜಿಗೆ ಫೋನ್ ಮಾಡಿದೆ. ‘ಸೇಫಾ?’ ಎಂದು ಕೇಳಲಿಲ್ಲ. ಗಿರಾಕಿ ಬೇಕಾದವರು ‘ಹೌದು’ ಎಂದೇ ಹೇಳುತ್ತಾರೆ. ‘ರಾತ್ರಿ ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ? ಬಸ್ಸು ಓಡಾಡ್ತಿವೆಯಾ? ಶಾಲೆ ನಡೀತಿದೆಯಾ?’ ಎಂದು ಹರಕು ಹಿಂದಿಯಲ್ಲಿ ಕೇಳಿದೆ. ಆ ಉತ್ತರಗಳನ್ನು ಅಪ್ಪನ ಮುಂದಿಟ್ಟೆ. ‘ಹೊರಡೋ ಹಿಂದಿನ ವಾರ ಇನ್ನೊಂದ್ಸಲ ನೋಡೋಣ, ಏನಾದ್ರೂ ಶುರುವಾದ್ರೆ ದುಡ್ಡು ಹೋದ್ರೂ ಪರವಾಗಿಲ್ಲ, ಹೋಗೋದು ಬೇಡ’ ಎಂದರು. ನ್ಯಾಯವಾದ ಮಾತು. ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿ ಸಂಖ್ಯೆ ಬರೆದ ಚೀಟಿಯನ್ನು ಅಜ್ಜಿಯ ಪರ್ಸಿಗೂ ಹಾಕಿದೆವು.

ದರ್ಶನ ಚೆನ್ನಾಗಿ ಆಯಿತು. ವಾಪಸ್ ಬರುವಾಗ ಟ್ಯಾಕ್ಸಿಯವರು ಮಸಿ ಹಿಡಿದ ಸಿಂಹ ದರ್ಬಾರ್ ಕಡೆ ಕೈ ತೋರಿಸಿದರು. ‘ಒಟ್ಟು ಎಷ್ಟು ಜನ ಹೋದ್ರಂತೆ?’ ಅಜ್ಜಿ ಕೇಳಿದರು. ‘ಎಪ್ಪತ್ತಕ್ಕೂ ಜಾಸ್ತಿ’ ಎಂದೆ. ಅವರು ಪ್ರಸಾದದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಸುಮ್ಮನಿದ್ದರು.

ರಾತ್ರಿ ಅತ್ತೆ ಫೋನ್ ಮಾಡಿ, ‘ಅಲ್ಲಿ ಗಲಾಟೆ ಇಲ್ವಾ? ಟಿವಿಯವರು ಸುಳ್ಳು ಹೇಳಿದ್ರಾ?’ ಎಂದರು.

‘ಸುಳ್ಳಲ್ಲ ಕಣೇ’ ಎಂದರು ಅಜ್ಜಿ, ‘ಆದ್ರೆ ಅದು ಸೆಪ್ಟೆಂಬರ್‌ದು.’