ಸಾಲದ ಕಂತು ಮುಗಿಯುವ ಮೊದಲೇ ಮನೆ ಮಾರಬಹುದೇ?

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಲವು ಕುಟುಂಬಗಳು ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ, ಮನೆಗೆ ಬೀಗ ಹಾಕಿ ಊರು ಬಿಟ್ಟವು. ಮನೆಯನ್ನೇ ಅಡವಿಟ್ಟವರು ಹೀಗೆ ಹೋದರೆ ನಷ್ಟ ಇನ್ನೂ ದೊಡ್ಡದು. ನೋಟಿಸು ಬಾಗಿಲಿಗೆ ಅಂಟಿರುತ್ತದೆ, ಗಡುವು ಮುಗಿದುಹೋಗುತ್ತದೆ, ಮನೆ ಹರಾಜಿಗೆ ಬರುತ್ತದೆ. ಅದಕ್ಕಿಂತ ಮನೆಯನ್ನು ನಾವೇ ಮಾರಿ ಸಾಲ ತೀರಿಸುವುದು ಎಷ್ಟೋ ಮೇಲು. ಓಟಿಎಸ್, ಅಂದರೆ ಒಂದೇ ಬಾರಿಯ ಇತ್ಯರ್ಥಕ್ಕೆ ಒಪ್ಪಿ ಕಂತು ಕಟ್ಟುತ್ತಿರುವವರಿಗೂ ಈ ದಾರಿ ಇದೆ.

ಕೋರ್ಟಿನಲ್ಲಿ ದಿವಾಳಿ ಘೋಷಿಸಿಕೊಂಡರೆ ಮಾತು ಬೇರೆ. ಸಾಮಾನ್ಯ ಸಾಲಗಾರರಿಗೆ ನಮ್ಮ ಕಡೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರಡಿ ಆದೇಶವಾದ ಮೇಲೆ ಆಸ್ತಿ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತದೆ, ಮಾರುವ ಅಧಿಕಾರ ನಮಗೆ ಉಳಿಯುವುದಿಲ್ಲ. ಕೃಷಿಕ ವಾಸವಿರುವ ಮನೆಗೆ ಜಪ್ತಿಯಿಂದ ರಕ್ಷಣೆ ಇದೆ, ನಿಜ. ಆದರೆ ತಾನೇ ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ.

ಓಟಿಎಸ್‌ನಲ್ಲಿರುವವರು ಮೊದಲು ಹೋಗಬೇಕಾದದ್ದು ಬ್ರೋಕರ್ ಹತ್ತಿರಕ್ಕಲ್ಲ, ಬ್ಯಾಂಕಿಗೆ. ಅಡವಿಟ್ಟ ಆಸ್ತಿಯಿಂದ ಬಾಕಿ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸು ಬಂದಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ. ಮ್ಯಾನೇಜರ್ ಬಾಯಿಮಾತಿನಲ್ಲಿ "ಮಾರ್ಕೊಳಿ" ಅಂದರೆ ಸಾಲದು. ಬಾಕಿ ಎಷ್ಟು, ಆ ಮೊತ್ತ ಯಾವ ದಿನಾಂಕದವರೆಗೆ, ಹಣ ಯಾವ ಖಾತೆಗೆ, ಹಣ ಬಂದ ಮೇಲೆ ಮೂಲ ಪತ್ರ ಕೊಟ್ಟು ಋಣಮುಕ್ತಿ ಪತ್ರಕ್ಕೆ ಸಹಿ ಹಾಕುತ್ತೇವೆ ಎಂಬುದು, ಇವೆಲ್ಲ ಪತ್ರದಲ್ಲಿರಬೇಕು. ಓಟಿಎಸ್ ಸಾಲಗಾರನ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಗಡುವು ತಪ್ಪಿದರೆ ಬಿಟ್ಟ ಬಡ್ಡಿಯೂ ತಿರುಗಿ ತಲೆಗೆ ಬರಬಹುದು. ಖರೀದಿದಾರ ಸಿಕ್ಕಿಯೂ ದಿನ ಸಾಲದಿದ್ದರೆ, ಗಡುವು ಮುಗಿಯುವ ಮೊದಲೇ ವಿಸ್ತರಣೆ ಕೋರಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೆಚ್ಚು ದಿನ ಹಿಡಿಯುವುದು ಮನೆಯ ಖಾತೆಯ ಕೆಲಸ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ, ಬೇಗೂರು, ಹಂಗಳದಂಥ ಪಂಚಾಯಿತಿಗಳಲ್ಲಿ ಇ-ಸ್ವತ್ತು, ಪಟ್ಟಣದಲ್ಲಾದರೆ ಪುರಸಭೆಯ ಇ-ಖಾತೆ ಇಲ್ಲದೆ ನೋಂದಣಿ ಆಗದು. ಖಾತೆ ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ಇಂದೇ ಅರ್ಜಿ ಹಾಕಿ. ಪಿತ್ರಾರ್ಜಿತವಾದರೆ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು.

ಕೊಳ್ಳುವವರಿಗೆ ಸಾಲದ ವಿಷಯ ಮುಚ್ಚಿಡಬೇಡಿ. ಅಡಮಾನ ನೋಂದಣಿಯಾಗಿದ್ದರೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದಾಗ ಹೇಗೂ ಕಾಣುತ್ತದೆ. ಕರಾರುಪತ್ರದಲ್ಲೇ ಬರೆಸಿ. ಉದಾಹರಣೆಗೆ ಮನೆ 24 ಲಕ್ಷಕ್ಕೆ ಕುದುರಿದೆ, ಓಟಿಎಸ್ ಬಾಕಿ 9 ಲಕ್ಷ ಎನ್ನೋಣ. ಕೊಳ್ಳುವವರು 9 ಲಕ್ಷದ ಡಿಡಿಯನ್ನು ಬ್ಯಾಂಕಿನ ಹೆಸರಿಗೆ, ಸಾಲದ ಖಾತೆ ಸಂಖ್ಯೆ ಬರೆಸಿ ತೆಗೆಯಲಿ. ಉಳಿದ 15 ಲಕ್ಷದಲ್ಲಿ ಮುಂಗಡ ಕಳೆದು ಮಿಕ್ಕಿದ್ದು ನಿಮ್ಮ ಖಾತೆಗೆ ಬರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಋಣಮುಕ್ತಿ ಪತ್ರ, ಆಮೇಲೆ ಕ್ರಯಪತ್ರ. ಈ ಕ್ರಮ ಹಿಡಿದರೆ ಇಬ್ಬರಿಗೂ ಮೋಸವಿಲ್ಲ. ಮುಂಗಡವನ್ನಾಗಲಿ ಮಿಕ್ಕ ಹಣವನ್ನಾಗಲಿ 20,000 ರೂಪಾಯಿ ಅಥವಾ ಹೆಚ್ಚಾದರೆ ನಗದಾಗಿ ಮುಟ್ಟಬೇಡಿ, ಆದಾಯ ತೆರಿಗೆ ಕಾನೂನು ಅಷ್ಟೇ ಮೊತ್ತದ ದಂಡ ಹಾಕುತ್ತದೆ.

ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಮರಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಂದು ಅಥವಾ ಆನಂತರ ಪತ್ರ ಮರಳಿಸಬೇಕಾದ ಎಲ್ಲ ಪ್ರಕರಣಗಳಿಗೂ ಇದು ಅನ್ವಯ.

ಈ ನಡುವೆ ಕೈಸಾಲದವರು "ಭದ್ರತೆಗೆ" ಎಂದು ಕ್ರಯಪತ್ರ ಬರೆಸಿಕೊಳ್ಳಲು ಬಂದರೆ ಖಂಡಿತ ಸಹಿ ಹಾಕಬೇಡಿ. ಸಂಶಯ ಬಂದರೆ ಗುಂಡ್ಲುಪೇಟೆ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.